ದೋಣಿಗೆ ಯಾವ ಬ್ಯಾಟರಿ?

ಸೊರಬ, ಶಿಕಾರಿಪುರದ ಕಡೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದವರಿಗೆ ನಾನು ಹೇಳಬೇಕಾಗಿಲ್ಲ, ನಮ್ಮಲ್ಲಿ ಕೆರೆಗಳಿಗೆ ಬರವಿಲ್ಲ. ಒಂದು ಏರಿ ಇಳಿದು ಗದ್ದೆಬಯಲು ದಾಟುವಷ್ಟರಲ್ಲಿ ಇನ್ನೊಂದು ಏರಿ ಎದುರಾಗುತ್ತದೆ. ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ ಊರಿಗೆ ಊರೇ ಕೂಣಿ ಹಿಡಿದು ಕೆಸರಿಗೆ ಇಳಿಯುವ ಕೆರೆಬೇಟೆಯನ್ನು ಈಗ ಸಿನಿಮಾದಲ್ಲೂ ನೋಡಿದ್ದೀರಿ. ಆದರೆ ಕೆರೆಬೇಟೆ ಒಂದು ದಿನದ ಸಂಭ್ರಮ. ವರ್ಷದ ಉಳಿದ ದಿನಗಳಲ್ಲಿ ಕೆರೆಯ ಮೀನು ಕೆಲವು ಮನೆಗಳ ಅನ್ನ. ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲದ ಮರಿ ಬಿಡುತ್ತಾರೆ, ಅವು ಬೆಳೆದ ಮೇಲೆ ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ. ಹೋಗಿಬರಲು ತೆಪ್ಪ, ಹರಿಗೋಲು, ಈಚೆಗೆ ಫೈಬರ್ ದೋಣಿ. ಇವನ್ನೆಲ್ಲ ನಡೆಸುವುದು ಮನುಷ್ಯನ ಭುಜ.

ನಮ್ಮ ಜಡೆಯ ಹತ್ತಿರದ ಒಂದು ಕೆರೆಯಲ್ಲಿ ಮೂವತ್ತು ವರ್ಷ ಹುಟ್ಟು ಹಾಕಿದವರೊಬ್ಬರ ಬಲಭುಜ ಹೋದ ವರ್ಷ ಕೈಕೊಟ್ಟಿತು. ಕೈ ತಲೆಯ ಮೇಲಕ್ಕೆ ಏಳುವುದಿಲ್ಲ. ಹುಟ್ಟು ಬಿಡಿ ಎಂದರು ಡಾಕ್ಟರು. ಬಿಟ್ಟರೆ ಊಟ? ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅವನೇ ಫೋನಿನಲ್ಲಿ ನೋಡಿ, ದೋಣಿಯ ಹಿಂಬದಿಗೆ ಸಿಕ್ಕಿಸುವ ಚಿಕ್ಕ ವಿದ್ಯುತ್ ಮೋಟರ್ ಒಂದನ್ನು ತರಿಸಿಕೊಟ್ಟ. ಮೋಟರ್ ಬಂತು, ಬ್ಯಾಟರಿ ಬರಲಿಲ್ಲ. ಅದನ್ನು ನಾವೇ ಕೊಳ್ಳಬೇಕು. ನಾನು ಬ್ಯಾಂಕಿನಲ್ಲಿದ್ದ ಕಾಲದಲ್ಲಿ ಅವರ ಸಾಲದ ಅರ್ಜಿ ತುಂಬಿಕೊಡುತ್ತಿದ್ದೆ. ಆ ಸಲುಗೆಯಿಂದ ಗಂಡಹೆಂಡತಿ ಇಬ್ಬರೂ ನಮ್ಮ ಜಗುಲಿಗೆ ಬಂದು, "ಅಣ್ಣಾರೆ, ಅಂಗಡ್ಯೋರು ಒಬ್ಬೊಬ್ರು ಒಂದೊಂದು ಹೇಳ್ತಾರೆ. ನೀವೊಂದು ಲೆಕ್ಕ ಹಾಕಿಕೊಡಿ" ಅಂದರು. ನಾನು ಓದಿದ್ದು ಬಿ.ಕಾಂ., ಎಂಜಿನಿಯರಿಂಗ್ ಅಲ್ಲ. ಆದರೆ ಬ್ಯಾಟರಿ ಎಂಬುದೂ ಒಂದು ಖಾತೆಯೇ. ಎಷ್ಟು ಜಮಾ ಮಾಡಿದೆವು, ಎಷ್ಟು ತೆಗೆದೆವು, ಕನಿಷ್ಠ ಬಾಕಿ ಎಷ್ಟು ಉಳಿಸಬೇಕು ಎಂಬುದೇ ಅದರ ವ್ಯವಹಾರ.

ಆ ಮೋಟರಿಗೆ ಟ್ರೋಲಿಂಗ್ ಮೋಟರ್ ಎನ್ನುತ್ತಾರೆ. ನನ್ನ ಮೊಮ್ಮಗಳು ಹೆಸರು ಕೇಳಿದವಳೇ, "ಅಜ್ಜ, ಫೋನಲ್ಲಿ ಟ್ರೋಲ್ ಮಾಡ್ತಾರಲ್ಲ ಅದಾ?" ಎಂದು ನಕ್ಕಳು. ಅದಲ್ಲ. ನಿಧಾನವಾಗಿ ಸಾಗುವ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗಿ ಮೀನು ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಎನ್ನುತ್ತಾರೆ. ಮಲ್ಪೆ, ಮಂಗಳೂರಿನ ದೊಡ್ಡ ಬೋಟುಗಳು ಬಲೆ ಎಳೆಯುವ ಟ್ರಾಲಿಂಗ್ ಬೇರೆ. ಈ ಮೋಟರಿನ ಹುಟ್ಟು ಸ್ವಾರಸ್ಯವಾಗಿದೆ. ಪ್ಯಾರಿಸ್ಸಿನ ಗುಸ್ತಾವ್ ತ್ರೂವೆ ಎಂಬಾತ 1881ರಲ್ಲೇ ಸೇನ್ ನದಿಯಲ್ಲಿ ಬ್ಯಾಟರಿಯಿಂದ ದೋಣಿ ಓಡಿಸಿದ್ದ. ಅವನ ಮೋಟರನ್ನು ದೋಣಿಯಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಿತ್ತು. ಈಗ ನಾವು ನೋಡುವ ಟ್ರೋಲಿಂಗ್ ಮೋಟರನ್ನು ಮಾಡಿದವನು ಅಮೆರಿಕದ ಫಾರ್ಗೊ ಎಂಬ ಊರಿನ ಓ. ಜಿ. ಶ್ಮಿತ್, 1934ರಲ್ಲಿ. ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟರನ್ನು ಬಿಚ್ಚಿ, ಅದಕ್ಕೊಂದು ದಂಡ ಮತ್ತು ಪಂಖ ಜೋಡಿಸಿದ. ಅವನ ಊರು ಮಿನ್ನೆಸೋಟ ಮತ್ತು ಡಕೋಟ ರಾಜ್ಯಗಳ ಗಡಿಯಲ್ಲಿತ್ತು, ಕಂಪನಿಯ ಹೆಸರೂ ಮಿನ್ ಕೋಟ ಎಂದಾಯಿತು.

ಶ್ಮಿತ್ ಕಾರಿನ ಸ್ಟಾರ್ಟರ್ ಮೋಟರ್ ಬಳಸಿದ್ದು ಜಾಣತನ. ಕಾರು, ಲಾರಿಯ ಸ್ಟಾರ್ಟರ್ ಬ್ಯಾಟರಿಯನ್ನು ದೋಣಿಗೆ ಹಾಕುವುದು ಮಾತ್ರ ಬೇರೆ ಮಾತು. ನಮ್ಮವರಿಗೆ ಮೊದಲು ಸಿಕ್ಕ ಸಲಹೆ ಅದೇ ಆಗಿತ್ತು. "ಲಾರಿಯಿಂದ ಇಳಿಸಿದ ಬ್ಯಾಟರಿ ಇದೆ, 4,000 ರೂಪಾಯಿ ಕೊಡಿ. ಲಾರಿಯನ್ನೇ ಎತ್ತೋದು, ನಿಮ್ಮ ದೋಣಿ ಯಾವ ಲೆಕ್ಕ?" ಎಂದಿದ್ದರಂತೆ ಒಬ್ಬರು.

ಇಲ್ಲಿ ನಮ್ಮ ಸೀಮೆಯ ಮಾತಿನಲ್ಲೇ ಹೇಳಿದರೆ ಮಕ್ಕಳಿಗೂ ಅರ್ಥವಾಗುತ್ತದೆ. ದೀಪಾವಳಿ ಆದಮೇಲೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ ನಡೆಯುತ್ತದಲ್ಲ, ಕೊಬ್ಬರಿ ಹಾರ ಕಟ್ಟಿಕೊಂಡು ಹೋರಿ ಜನರ ನಡುವೆ ಬಾಣದಂತೆ ನುಗ್ಗುತ್ತದೆ. ಅದರ ಆಟವೆಲ್ಲ ಅರ್ಧ ನಿಮಿಷ. ಆ ಹೋರಿಯನ್ನು ಬೆಳಗಿನಿಂದ ಸಂಜೆಯವರೆಗೆ ನೇಗಿಲಿಗೆ ಕಟ್ಟಿದರೆ ಏನಾಗುತ್ತದೆ? ಲಾರಿಯ ಬ್ಯಾಟರಿ ಅಂಥ ಹಬ್ಬದ ಹೋರಿ. ಎಂಜಿನ್ ತಿರುಗಿಸಲು ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುತ್ತದೆ. ಕೊಟ್ಟದ್ದನ್ನು ಲಾರಿಯ ಡೈನಮೊ ಕೂಡಲೇ ತುಂಬಿಬಿಡುತ್ತದೆ. ಅಷ್ಟು ರಭಸ ಬರಲೆಂದೇ ಒಳಗಿನ ಸೀಸದ ಫಲಕಗಳನ್ನು ತೆಳ್ಳಗೆ, ಹೆಚ್ಚು ಸಂಖ್ಯೆಯಲ್ಲಿ ಇಟ್ಟಿರುತ್ತಾರೆ. ದಿನಾ ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಿ ಮತ್ತೆ ತುಂಬಿದರೆ ಆ ತೆಳು ಫಲಕದ ಮಸಾಲೆ ಉದುರಿ ತಳ ಸೇರುತ್ತದೆ.

ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಉಳುವ ಎತ್ತು. ಅದರ ಧನಫಲಕದಲ್ಲಿ ಸೀಸದ ಕಡ್ಡಿಗಳ ಸುತ್ತ ಮಸಾಲೆಯನ್ನು ಕೊಳವೆಯಂಥ ಚೀಲಗಳಲ್ಲಿ ತುಂಬಿರುತ್ತಾರೆ, ಉದುರಲು ಜಾಗವಿಲ್ಲ. ಒಮ್ಮೆಲೇ ಭಾರಿ ರಭಸ ಬರುವುದಿಲ್ಲ, ಆದರೆ ಗಂಟೆಗಟ್ಟಲೆ ಕೊಡುತ್ತದೆ. ಎರಡರ ರಸಾಯನವೂ ಒಂದೇ: ಸೀಸ ಮತ್ತು ಗಂಧಕಾಮ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂತೆ 1859ರಲ್ಲಿ ಕಂಡುಹಿಡಿದದ್ದೇ ಇವತ್ತಿಗೂ ನಡೆಯುತ್ತಿದೆ.

ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್. ಅಂಗಡಿಯವರು ಎಲ್‌ಎಫ್‌ಪಿ ಎನ್ನುತ್ತಾರೆ. ಫೋನಿನಲ್ಲಿರುವ ಲಿಥಿಯಂ ಬ್ಯಾಟರಿಯ ದಾಯಾದಿ, ಆದರೆ ಅದಕ್ಕಿಂತ ಶಾಂತ ಸ್ವಭಾವದ್ದು, ಸುಲಭಕ್ಕೆ ಬೆಂಕಿ ಹಿಡಿಯುವಂಥದ್ದಲ್ಲ. ಇದರ ಬಗ್ಗೆ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಿಂದ 1997ರಲ್ಲಿ ಬಂದ ಮುಖ್ಯ ಸಂಶೋಧನಾ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ನಡುವಿನ ಹೆಸರು ಓದಿದಾಗ ಕಿವಿ ನಿಮಿರಿತು. ಮೂರನೆಯವರಾದ ಜಾನ್ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು, ಆಗ ಅವರಿಗೆ 97 ವರ್ಷ. ನನ್ನಂಥ ಎಪ್ಪತ್ತು ದಾಟಿದವರಿಗೆ ಇದು ಸಮಾಧಾನದ ಸುದ್ದಿ.

ಇನ್ನು ಲೆಕ್ಕ. ಮೊದಲು ಮೋಟರ್ ಎಷ್ಟು ದೊಡ್ಡದು ಬೇಕು ಎಂಬುದು. ಇದರ ಬಲವನ್ನು ಹಾರ್ಸ್ ಪವರ್‌ನಲ್ಲಿ ಹೇಳುವುದಿಲ್ಲ, ನೀರನ್ನು ಎಷ್ಟು ತೂಕದಷ್ಟು ತಳ್ಳುತ್ತದೆ ಎಂದು ಪೌಂಡಿನಲ್ಲಿ ಹೇಳುತ್ತಾರೆ. ನೂರು ಕೆಜಿ ಭಾರಕ್ಕೆ ಎರಡು ಕೆಜಿ ತಳ್ಳುಬಲ ಎಂಬುದು ರೂಢಿಯ ಲೆಕ್ಕ. ನಮ್ಮವರ ದೋಣಿ, ಇಬ್ಬರು ಜನ, ಒದ್ದೆ ಬಲೆ, ಮೀನು, ಬ್ಯಾಟರಿ ಎಲ್ಲ ಸೇರಿಸಿದರೆ 350 ಕೆಜಿ. ಅದಕ್ಕೆ 7 ಕೆಜಿ ಸಾಕು. ಗಾಳಿಗೆ ಎದುರಾಗಿ ಬರುವ ದಿನಕ್ಕೆ ಇಮ್ಮಡಿ ಹಿಡಿದರೆ 14 ಕೆಜಿ, ಅಂದರೆ ಸುಮಾರು 30 ಪೌಂಡ್. ಮಗ ಕಳಿಸಿದ್ದೂ 30 ಪೌಂಡಿನದೇ. ಹರಿಗೋಲು ಇರುವವರು ಈ ಗೋಜಿಗೆ ಹೋಗಬೇಡಿ; ಗುಂಡಗಿನ ಹರಿಗೋಲಿಗೆ ಒಂದು ಬದಿ ಮೋಟರ್ ಕಟ್ಟಿದರೆ ಬುಗುರಿಯಂತೆ ತಿರುಗುತ್ತದೆ. ಮೂತಿ ಮತ್ತು ಹಿಂಬದಿಯ ಹಲಗೆ ಇರುವ ದೋಣಿಯೇ ಬೇಕು.

12 ವೋಲ್ಟಿನ ಮೋಟರು ಪೂರ್ತಿ ವೇಗದಲ್ಲಿ ಒಂದು ಪೌಂಡಿಗೆ ಸುಮಾರು ಒಂದು ಆಂಪಿಯರ್ ಕುಡಿಯುತ್ತದೆ. 30 ಪೌಂಡಿಗೆ 30 ಆಂಪಿಯರ್, ವಾಟಿನಲ್ಲಿ ಹೇಳಿದರೆ 360. ನಿಮ್ಮ ಅಡುಗೆಮನೆಯ ಮಿಕ್ಸಿ 500 ಅಥವಾ 750 ವಾಟಿನದು. ಚಟ್ನಿ ಅರೆಯುವುದಕ್ಕಿಂತ ಕಡಿಮೆ ಶಕ್ತಿಯಲ್ಲಿ ಇಬ್ಬರು ಕೆರೆ ದಾಟಬಹುದು ಎಂದರೆ ಮೊಮ್ಮಗಳು ನಂಬಲಿಲ್ಲ.

ಬಲೆ ಬಿಟ್ಟ ಜಾಗ ದಡದಿಂದ ಮುಕ್ಕಾಲು ಕಿಲೋಮೀಟರ್. ಹೋಗುವಾಗ 10 ನಿಮಿಷ, ಗಾಳಿಗೆ ಎದುರು ಬರುವಾಗ 15 ನಿಮಿಷ, ಒಟ್ಟು 25 ನಿಮಿಷ ಪೂರ್ತಿ ವೇಗ. 30 ಆಂಪಿಯರ್‌ನಂತೆ ಇದಕ್ಕೆ ಹನ್ನೆರಡೂವರೆ ಆಂಪಿಯರ್-ಅವರ್. ಬಲೆ ಎತ್ತುತ್ತ ಮೆಲ್ಲಗೆ ಸರಿಯುವ ಒಂದು ಗಂಟೆಗೆ ಸರಾಸರಿ 8 ಹಿಡಿಯೋಣ. ಒಟ್ಟು 21ರ ಹತ್ತಿರ. ನಡುನೀರಿನಲ್ಲಿ ಬ್ಯಾಟರಿ ನಿಂತರೆ ಇಳಿದು ತಳ್ಳುವಂತಿಲ್ಲ, ಭುಜ ಹೋದ ಮನುಷ್ಯ ಹುಟ್ಟು ಹಾಕುವಂತಿಲ್ಲ. ಹಾಗಾಗಿ ಇನ್ನೊಂದು ಅಷ್ಟೇ ಮೊತ್ತವನ್ನು ಕಾದಿಟ್ಟ ನಿಧಿಯಾಗಿ ಇಟ್ಟೆ. ಬೇಕಾದದ್ದು 42.

ಹಾಗಾದರೆ 42 ಆಂಪಿಯರ್-ಅವರ್ ಎಂದು ಬರೆದಿರುವ ಬ್ಯಾಟರಿ ತಂದರೆ ಆಯಿತೇ? ಇಲ್ಲಿಯೇ ಅನೇಕರು ಎಡವುವುದು. ಸೀಸದ ಬ್ಯಾಟರಿಯ ಮೇಲೆ 100 ಎಂದು ಬರೆದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಸಿ20' ಎಂದಿರುತ್ತದೆ, ದಯವಿಟ್ಟು ಕನ್ನಡಕ ಹಾಕಿಕೊಂಡು ಓದಿ. 20 ಗಂಟೆಯುದ್ದಕ್ಕೂ 5 ಆಂಪಿಯರ್‌ನಂತೆ ಸಾವಕಾಶವಾಗಿ ತೆಗೆದರೆ ಮಾತ್ರ 100 ಸಿಗುತ್ತದೆ ಎಂದು ಅದರ ಅರ್ಥ. 30ರಂತೆ ಅವಸರವಾಗಿ ಎಳೆದರೆ 70ರ ಆಸುಪಾಸಿಗೆ ಇಳಿಯಬಹುದು. ಅವಧಿಗೆ ಮುಂಚೆ ಠೇವಣಿ ಮುರಿಸಿದರೆ ಬಡ್ಡಿ ಕಡಿತವಾಗುತ್ತದಲ್ಲ, ಹಾಗೆ. ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ. ಮೇಲಾಗಿ ಸೀಸದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಎಲ್ಲ ಸೇರಿ, 42 ಬೇಕೆಂದರೆ 100ರ ಟ್ಯೂಬ್ಯುಲರ್ ಕೊಳ್ಳಬೇಕು. ಲಿಥಿಯಂನಲ್ಲಿ ಹತ್ತಕ್ಕೆ ಎಂಟು ಪಾಲು ಧೈರ್ಯವಾಗಿ ತೆಗೆಯಬಹುದು, ಅವಸರಕ್ಕೆ ಕಡಿತವೂ ಅತ್ಯಲ್ಪ. ಅಲ್ಲಿ 60ರದು ಸಾಕು. 100ಕ್ಕೆ 100 ಹೋಲಿಸಿ ಲಿಥಿಯಂ ದುಬಾರಿ ಎನ್ನುವವರು ಈ ಜಾಗದಲ್ಲಿ ತಪ್ಪು ಲೆಕ್ಕ ಹಾಕುತ್ತಾರೆ.

ಈಗ ದುಡ್ಡು. ನಮಗೆ ಅಂಗಡಿಗಳಲ್ಲಿ ಹೇಳಿದ ಬೆಲೆ ಬರೆಯುತ್ತೇನೆ. ಬೆಲೆ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆಯಾಗುವುದರಿಂದ ನೀವು ನಿಮ್ಮ ಅಂಕಿ ಹಾಕಿಕೊಳ್ಳಿ. ಹಳೆಯ ಲಾರಿ ಬ್ಯಾಟರಿ 4,000. ಟ್ಯೂಬ್ಯುಲರ್ 11,000. ಲಿಥಿಯಂ 20,000, ಅದಕ್ಕೇ ತಕ್ಕ ಚಾರ್ಜರ್ 3,000, ಒಟ್ಟು 23,000. ಕೊಳ್ಳುವ ಬೆಲೆ ನೋಡಿದರೆ ಲಾರಿ ಬ್ಯಾಟರಿಯೇ ಗೆದ್ದಂತೆ. ಆದರೆ ಕಾಮರ್ಸ್ ಓದಿದವನಿಗೆ ಸವಕಳಿ ಕಳೆಯದೆ ನಿದ್ದೆ ಬರುವುದಿಲ್ಲ.

ಲಾರಿಯಿಂದ ಇಳಿಸಿದ್ದಾರೆ ಎಂದರೆ ಅದರ ಕೈಲಾಗದೆ ಇಳಿಸಿದ್ದಾರೆ. ನಾನು ಅದಕ್ಕೆ 50 ದಿನದ ಆಯುಸ್ಸು ಹಾಕಿದೆ. ದಿನಕ್ಕೆ 80 ರೂಪಾಯಿ ಆಯಿತು. ಮಾರುವವರು ಒಪ್ಪದೆ "ನೂರು ದಿನ ಗ್ಯಾರಂಟಿ" ಎಂದರು. ಆಗಲಿ, ಆಗಲೂ 40. ಜೋಪಾನವಾಗಿ ನೋಡಿಕೊಂಡ ಟ್ಯೂಬ್ಯುಲರ್ ಸಾವಿರ ಸಲ ತುಂಬಿ ಖಾಲಿಯಾಗುತ್ತದೆ. ದಿನಕ್ಕೆ 11 ರೂಪಾಯಿ. ಒಳ್ಳೆಯ ಲಿಥಿಯಂ ಎರಡು ಸಾವಿರ ಸಲ. ಚಾರ್ಜರ್ ಸೇರಿ ಹನ್ನೊಂದೂವರೆ. ಸತ್ತ ಮೇಲೆ ಸೀಸದ ಬ್ಯಾಟರಿಗೆ ಗುಜರಿ ಬೆಲೆಯೂ ಸಿಗುತ್ತದೆ. ಹಾಗಾಗಿ ಇವೆರಡರಲ್ಲಿ ಹಣದ ಲೆಕ್ಕದಿಂದ ಗೆದ್ದವರು ಯಾರೂ ಇಲ್ಲ. ಕರೆಂಟಿನ ಖರ್ಚು ಹೇಳುವುದೇ ಬೇಡ, ದಿನಕ್ಕೆ ಅರ್ಧ ಯೂನಿಟ್ ಕೂಡ ಆಗುವುದಿಲ್ಲ.

ನಾನು ಟ್ಯೂಬ್ಯುಲರ್ ಕಡೆಗೇ ವಾಲಿದ್ದೆ. ಸಾಲ ಕಡಿಮೆ, ಊರಲ್ಲೇ ರಿಪೇರಿ ಮಾಡುವವರಿದ್ದಾರೆ. ಜೊತೆಗೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು; ದೋಣಿ ಕಟ್ಟಿಹಾಕಿದ ದಿನಗಳಲ್ಲಿ ಅದನ್ನೇ ಇನ್ವರ್ಟರಿಗೆ ಹಚ್ಚಿದರೆ ಮನೆಗೆ ಬೆಳಕು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಅವರ ಹೆಂಡತಿ ಕೇಳಿದರು:

"ಅಣ್ಣಾರೆ, ಲೆಕ್ಕ ಸರಿ ಐತಿ. ದಿನಾ ಇದನ್ನ ದೋಣಿಯಿಂದ ಇಳಿಸಿ, ಏರಿ ಹತ್ತಿಸಿ ಮನೆಗೆ ಹೊರೋರು ಯಾರು?"

ಕೆರೆಯ ದಡದಲ್ಲಿ ಕರೆಂಟಿಲ್ಲ. ಚಾರ್ಜ್ ಮಾಡಲು ಮನೆಗೇ ತರಬೇಕು. ಆಸಿಡ್ ತುಂಬಿದ 100ರ ಟ್ಯೂಬ್ಯುಲರ್ 40 ಕೆಜಿಯ ಹತ್ತಿರ ತೂಗುತ್ತದೆ. ಜೊತೆಗೆ ಅದನ್ನು ನೆಟ್ಟಗೆ ಹಿಡಿಯಬೇಕು, ವಾಲಿದರೆ ಆಸಿಡ್ ಚೆಲ್ಲುತ್ತದೆ. ಗಂಡನ ಭುಜ ಉಳಿಸಲೆಂದು ಮೋಟರ್ ತಂದು, ಅದೇ ಭುಜದ ಮೇಲೆ ದಿನಾ ಎರಡು ಸಲ 40 ಕೆಜಿ ಹೊರಿಸಿದ ಹಾಗಾಗುತ್ತಿತ್ತು. ಗಂಡನ ಕೈಲಿ ಆಗದ ದಿನ ಹೆಂಡತಿ ಹೊರಬೇಕು. 60ರ ಲಿಥಿಯಂ 7-8 ಕೆಜಿ, ನೀರು ತುಂಬಿದ ಒಂದು ಸಣ್ಣ ಕೊಡದಷ್ಟು. ಪೆಟ್ಟಿಗೆಗೆ ಹಿಡಿಕೆ ಇದೆ. ಯಾವ ಕಂಪನಿಯ ಪಟ್ಟಿಯಲ್ಲೂ ಏರಿ ಹತ್ತುವ ಕಾಲಂ ಇರುವುದಿಲ್ಲ.

ಟ್ಯೂಬ್ಯುಲರ್‌ಗಿಂತ ಹೆಚ್ಚಿಗೆ ಬೇಕಾದ 12,000ವನ್ನು ಆಕೆಯ ಸ್ವಸಹಾಯ ಸಂಘದಿಂದ ತೆಗೆದರು. ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಂತೆ, ಹನ್ನೆರಡು ಕಂತಿನಲ್ಲಿ ತೀರಿಸಿದರೆ ಬಡ್ಡಿ ಒಟ್ಟು 800 ರೂಪಾಯಿಯ ಆಸುಪಾಸು. ಭುಜದ ಡಾಕ್ಟರನ್ನು ಎರಡು ಸಲ ನೋಡಿ ಬರುವಷ್ಟರಲ್ಲಿ ಅಷ್ಟು ಆಗುತ್ತದೆ.

ನಿಮ್ಮ ದೋಣಿ ಕಟ್ಟುವ ಜಾಗದಲ್ಲೇ ಕರೆಂಟಿನ ಶೆಡ್ಡು ಇದ್ದರೆ, ಅಥವಾ ಬ್ಯಾಟರಿಯನ್ನು ಇಳಿಸುವ ಅಗತ್ಯವೇ ಇಲ್ಲದ ದೊಡ್ಡ ದೋಣಿಯಾದರೆ, ಟ್ಯೂಬ್ಯುಲರ್ ಇವತ್ತಿಗೂ ಮರ್ಯಾದಸ್ಥ ಆಯ್ಕೆ. ಶಿಕಾರಿಪುರದ ಅಂಜನಾಪುರ ಜಲಾಶಯದಂಥ ಅಗಲವಾದ ನೀರಿನಲ್ಲಿ ದೂರ ಹೋಗುವವರು ಮಾತ್ರ ನಿಮಿಷಗಳ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಬೇಕು. ನಮ್ಮ 42 ಅಲ್ಲಿಗೆ ಸಾಲದು. ಬಿಸಿಲನ್ನೇ ನಂಬಿದವರೂ ಇದ್ದಾರೆ. ಕೇರಳದ ವೈಕಂನಲ್ಲಿ 2017ರಿಂದ ವೇಂಬನಾಡು ಕೆರೆಯಲ್ಲಿ ಓಡುತ್ತಿರುವ 'ಆದಿತ್ಯ' ಎಂಬ ಸೌರ ದೋಣಿ 75 ಜನರನ್ನು ಹೊರುತ್ತದೆ. ಚಾವಣಿಯೇ ಸೌರಫಲಕ, ಒಳಗೆ ಲಿಥಿಯಂ ಬ್ಯಾಟರಿ. ನಮ್ಮ ಪುಟ್ಟ ದೋಣಿಯ ದಿನದ ಖರ್ಚಿಗೆ 100 ವಾಟಿನ ಒಂದು ಫಲಕ ಬೇಸಿಗೆಯಲ್ಲಿ ಸಾಕಾಗುತ್ತದೆ. ಆದರೆ ಸೊರಬದ ಆಷಾಢದಲ್ಲಿ ಸೂರ್ಯನನ್ನು ನಂಬಿ ಬಲೆ ಬಿಡುವುದು ನನಗೆ ಸರಿ ಕಾಣಲಿಲ್ಲ.

ಲಿಥಿಯಂ ಕೊಳ್ಳುವವರು ಅಂಗಡಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ. ಅದರೊಳಗೆ ಬಿಎಂಎಸ್ ಎಂಬ ಕಾವಲುಗಾರನಿರುತ್ತಾನೆ. ಬ್ಯಾಟರಿ ತೀರಾ ಖಾಲಿಯಾದರೆ, ಅತಿಯಾಗಿ ತುಂಬಿದರೆ, ಮಿತಿ ಮೀರಿ ಎಳೆದರೆ ಅವನೇ ಬಾಗಿಲು ಹಾಕುತ್ತಾನೆ. ಅವನು ಎಷ್ಟು ಆಂಪಿಯರ್‌ವರೆಗೆ ಬಿಡುತ್ತಾನೆ ಎಂದು ಕೇಳಬೇಕು. ನಮ್ಮದು 30 ಎಳೆಯುವ ಮೋಟರ್, ಕಾವಲುಗಾರ 50 ಬಿಡುವವನಾಗಿರಲಿ. ಇನ್ನೊಂದು, ಸೀಸದ ಬ್ಯಾಟರಿ ಖಾಲಿಯಾಗುತ್ತ ಬಂದಂತೆ ದೋಣಿ ಮಂದವಾಗಿ ಮೊದಲೇ ಸೂಚನೆ ಕೊಡುತ್ತದೆ. ಲಿಥಿಯಂ ಕೊನೆಯವರೆಗೂ ಒಂದೇ ಉತ್ಸಾಹದಲ್ಲಿ ಓಡಿ ಪಟ್ಟನೆ ನಿಲ್ಲುತ್ತದೆ. ಆದ್ದರಿಂದ ಒಳಹೋದದ್ದು, ಹೊರಬಂದದ್ದು ಎರಡನ್ನೂ ಎಣಿಸಿ ಬಾಕಿ ತೋರಿಸುವ ಮೀಟರ್ ಹಾಕಿಸಿ. ಪಾಸ್‌ಬುಕ್ ಇಲ್ಲದ ಖಾತೆ ನಡೆಸಬಾರದು. ಹಳೆಯ ಸ್ಕೂಟರಿನ ಸೆಲ್ಲುಗಳನ್ನು ಬಿಚ್ಚಿ ಟೇಪು ಸುತ್ತಿ ಮಾಡಿದ ಅಗ್ಗದ ಪೆಟ್ಟಿಗೆಗಳನ್ನಂತೂ ಮುಟ್ಟಬೇಡಿ.

ಬ್ಯಾಟರಿ ಕಡಿಮೆಯಾದದ್ದು ನಡುನೀರಿನಲ್ಲಿ ಗೊತ್ತಾದರೆ ಏನು ಮಾಡಬೇಕು? ಗಾಬರಿಯಲ್ಲಿ ಬೇಗ ದಡ ಸೇರೋಣ ಎಂದು ಪೂರ್ತಿ ವೇಗ ಕೊಡುವವರೇ ಹೆಚ್ಚು. ಮಾಡಬೇಕಾದದ್ದು ತದ್ವಿರುದ್ಧ. ನೀರನ್ನು ಸೀಳಲು ಬೇಕಾಗುವ ಶಕ್ತಿ ವೇಗಕ್ಕಿಂತ ಬಹಳ ಬೇಗ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಸುಮಾರು ಎಂಟು ಪಟ್ಟು. ಹಾಗಾಗಿ ಅರ್ಧ ವೇಗಕ್ಕೆ ಇಳಿಸಿದರೆ ಹೊತ್ತು ಹೆಚ್ಚಾದರೂ ಉಳಿದ ಚೂರುಪಾರು ಚಾರ್ಜಿನಲ್ಲೇ ದಡ ಸೇರಬಹುದು. ಇದನ್ನು ನಾವು ದಡದ ಹತ್ತಿರವೇ ಹಿಂದೆ ಮುಂದೆ ಓಡಿಸಿ ಮೀಟರ್ ನೋಡಿ ಖಾತ್ರಿ ಮಾಡಿಕೊಂಡೆವು. ಐದು ಗುಂಡಿಯ ಹಳೆ ಮಾದರಿಗಳಲ್ಲಿ ಕಡಿಮೆ ವೇಗದಲ್ಲೂ ಸ್ವಲ್ಪ ಶಕ್ತಿ ವ್ಯರ್ಥವಾಗುತ್ತದೆ. ಗುಬುಟು ತಿರುಗಿಸಿದಂತೆ ವೇಗ ಏರಿಳಿಯುವ ಮೋಟರ್ ಈ ವಿಷಯದಲ್ಲಿ ಮಿತವ್ಯಯಿ.

ತಂತಿಯ ವಿಷಯ ಸಣ್ಣದೆಂದು ಬಿಡುತ್ತಾರೆ. ಮನೆಯ ವೈರಿಂಗ್ ಮಾಡಿ ಉಳಿದ 2.5 ಚದರ ಮಿಲಿಮೀಟರ್ ತಂತಿ ಎಲ್ಲರ ಅಟ್ಟದಲ್ಲೂ ಇರುತ್ತದೆ. ಅದನ್ನೇ 3 ಮೀಟರ್ ದೂರಕ್ಕೆ ಎಳೆದರೆ 30 ಆಂಪಿಯರ್ ಹೋಗಿಬರುವಾಗ 12 ವೋಲ್ಟಿನಲ್ಲಿ ಒಂದು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ, ಮತ್ತು ತಂತಿ ಬಿಸಿಯಾಗುತ್ತದೆ. 10 ಚದರ ಮಿಲಿಮೀಟರ್‌ನ ತಂತಿಯಲ್ಲಿ ನಷ್ಟ ವೋಲ್ಟಿನ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಅಥವಾ ಡಿಸಿ ಬ್ರೇಕರ್ ಇರಲಿ. ಪಂಖಕ್ಕೆ ಬಲೆ ಅಥವಾ ಜೊಂಡು ಸಿಕ್ಕಿಕೊಂಡು ಮೋಟರ್ ನಿಂತರೆ ಕರೆಂಟು ವಿಪರೀತ ಏರುತ್ತದೆ, ಆಗ ಉಳಿಸುವುದು ಅದೇ. ನಮ್ಮ ಕೆರೆಗಳಲ್ಲಿ ಜೊಂಡಿಗೇನು ಕಡಿಮೆಯೇ! ಪಂಖ ಬಿಡಿಸಲು ಕೈ ಹಾಕುವ ಮುನ್ನ ಬ್ಯಾಟರಿಯ ತಂತಿ ಕಳಚಿ.

ಪೆಟ್ಟಿಗೆಯನ್ನು ದೋಣಿಯ ನಡುವೆ, ತಳಕ್ಕೆ ಬಿಗಿದು ಕಟ್ಟಬೇಕು. ತುದಿಗಳ ಮೇಲೆ ರಬ್ಬರ್ ಮುಚ್ಚಳವಿರಲಿ. ಸೀಸದ ಬ್ಯಾಟರಿಯನ್ನು ಚಾರ್ಜ್ ಮಾಡುವಾಗ ಹೈಡ್ರೋಜನ್ ಅನಿಲ ಬರುವುದರಿಂದ ಗಾಳಿಯಾಡುವ ಜಗುಲಿಯಲ್ಲಿಡಿ, ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ಕೆಳಗಿಳಿದ ನೀರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಬೇಡ. ಸೀಸದ ಚಾರ್ಜರನ್ನು ಲಿಥಿಯಂಗೆ ಹಚ್ಚಬೇಡಿ. ದೋಣಿ ಹತ್ತುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಬೇಕು. ಈಜು ಬರುತ್ತದೆ ಎನ್ನುವವರಿಗೂ ಬೇಕು, ಮಕ್ಕಳಿಗೆ ಕೇಳುವಂತೆಯೇ ಇಲ್ಲ.

ಕೆರೆ ಬತ್ತುವ ಎರಡು ಮೂರು ತಿಂಗಳು ಬ್ಯಾಟರಿ ಸುಮ್ಮನೆ ಕೂರುತ್ತದೆ. ಆಗ ಎರಡಕ್ಕೂ ಆರೈಕೆ ಬೇರೆ ಬೇರೆ. ಸೀಸದ್ದನ್ನು ಪೂರ್ತಿ ತುಂಬಿಡಬೇಕು, ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ಖಾಲಿ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಬ್ಯಾಟರಿ ಕಲ್ಲಾಗುತ್ತದೆ. ಲಿಥಿಯಂ ಅರ್ಧ ಹೊಟ್ಟೆಯಲ್ಲಿ ತಂಪಾದ ಮೂಲೆಯಲ್ಲಿ ಮಲಗಲು ಇಷ್ಟಪಡುತ್ತದೆ. ಆಯುಸ್ಸು ಮುಗಿದದ್ದನ್ನು ಹಿತ್ತಲಿನಲ್ಲಿ ಒಡೆಯಬೇಡಿ, ಕೆರೆ ದಡದಲ್ಲಿ ಆಸಿಡ್ ಚೆಲ್ಲಬೇಡಿ. ಸೀಸ ಮಕ್ಕಳ ಮಿದುಳಿಗೆ ವಿಷ, ಅದೇ ನೀರನ್ನು ದನ ಕುಡಿಯುತ್ತದೆ, ಅದೇ ನೀರಿನ ಮೀನು ಸಂತೆಗೆ ಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಕೊಂಡ ಅಂಗಡಿಗೇ ಕೊಟ್ಟು ಬನ್ನಿ.

ನಮ್ಮವರ ದೋಣಿ ಕಾರ್ತಿಕದಿಂದ ಮೋಟರಿನಲ್ಲಿ ಓಡುತ್ತಿದೆ. ಸದ್ದಿಲ್ಲದೆ ಹೋಗುವುದರಿಂದ ನಡುಗಡ್ಡೆಯ ಮರದ ಬೆಳ್ಳಕ್ಕಿಗಳು ಏಳುವುದಿಲ್ಲವಂತೆ. ದಿನದ ಖರ್ಚು ನನ್ನ 21ರ ಅಂದಾಜಿಗೆ ಪ್ರತಿಯಾಗಿ 18ರಿಂದ 24ರವರೆಗೆ ಏರಿಳಿಯುತ್ತಿದೆ, ಗಾಳಿಯ ಮೇಲೆ ಹೋಗುತ್ತದೆ. ಮೀಟರಿನ ಅಂಕಿಯನ್ನು ಪ್ರತಿದಿನ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿರುವುದು ಹೆಂಡತಿ. ಜೂನ್, ಜುಲೈನ ಗಾಳಿ ಮಳೆಯ ಪರೀಕ್ಷೆ ಇನ್ನೂ ಬಾಕಿ ಇದೆ. ಅಲ್ಲಿಯವರೆಗೆ ಎರಡು ಹುಟ್ಟುಗಳನ್ನೂ ದೋಣಿಯಿಂದ ಇಳಿಸಬೇಡಿ ಎಂದಿದ್ದೇನೆ.